ಬಣ್ಣದ ಪಟ್ಟಿ ಕಟ್ಟಿದ ರಕ್ತಕಣಗಳು

2006ರ ಒಂದು ಸಂಜೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಕೆ.ಟಿ. ದೊಡ್ಡಿಯ ನಮ್ಮ ಮನೆಗೆ ಬಂದು ಆಸ್ಪತ್ರೆಯ ಚೀಟಿಯನ್ನು ಮುಂದಿಟ್ಟ. ಎಚ್.ಐ.ವಿ. ಸೋಂಕು ತಗುಲಿತ್ತು. "ಸಾರ್, ಸಿಡಿ4 180 ಅಂತ ಬರೆದಾರೆ, ಹಂಗಂದ್ರೇನು?" ವಿಜ್ಞಾನ ಬೋಧಿಸುತ್ತಿದ್ದ ನನಗೆ ಉತ್ತರ ತಿಳಿದಿರಲಿಲ್ಲ. ನನ್ನ ಮೌನ ಕಂಡು ಅವನ ಮುಖ ಬಾಡಿತು. ಅಂದು ಹೇಳಲಾಗದ ಪಾಠವಿದು.

ರೋಗಾಣುಗಳನ್ನು ಎದುರಿಸಲು ದೇಹ ತಯಾರಿಸುವ ಪ್ರೋಟೀನೇ ಪ್ರತಿಕಾಯ. ಬೀಗಕ್ಕೆ ಕೀಲಿಕೈಯಂತೆ ಅದು ತನಗೊಪ್ಪುವ ಗುರುತಿಗೆ ಮಾತ್ರ ಅಂಟುತ್ತದೆ. 1941ರಲ್ಲಿ ಅಮೆರಿಕದ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನು ಜೋಡಿಸಿ ತೋರಿಸಿದರು. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿ ಕಂಡುಹಿಡಿದರು.

ಇದರ ಉಪಯೋಗವೇನು? ನಮ್ಮ ಕ್ರೀಡಾದಿನವನ್ನು ನೆನೆಯಿರಿ. ಸಮವಸ್ತ್ರದಲ್ಲಿ ಎಲ್ಲ ಮಕ್ಕಳೂ ಒಂದೇ ತೆರನಾಗಿ ಕಾಣುವರೆಂದು ತಂಡಕ್ಕೊಂದು ಬಣ್ಣದ ಪಟ್ಟಿಯನ್ನು ತೋಳಿಗೆ ಕಟ್ಟಿ, ಒಬ್ಬೊಬ್ಬರನ್ನೇ ಬಾಗಿಲಲ್ಲಿ ಬಿಟ್ಟು ಎಣಿಸುತ್ತಿದ್ದೆವು. (ಪಟ್ಟಿ ಬದಲಿಸಿಕೊಳ್ಳುವ ತುಂಟರಿದ್ದರು, ಆ ಮಾತು ಬೇರೆ.) ಬಿಳಿ ರಕ್ತಕಣಗಳಲ್ಲಿ ರೋಗನಿರೋಧಕ ಪಡೆಯನ್ನು ನಡೆಸುವ ಸಹಾಯಕ ಕಣಗಳ ಮೈಮೇಲಿನ ಗುರುತೇ ಸಿಡಿ4. ಬಣ್ಣದ ಪ್ರತಿಕಾಯ ಅದಕ್ಕೆ ಅಂಟುತ್ತದೆ. ಫ್ಲೋ ಸೈಟೋಮೀಟರ್ ಎಂಬ ಯಂತ್ರ ಕಣಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸುತ್ತದೆ. ಫ್ಲೋರೆಸಿನ್ ಬಣ್ಣವಾದರೆ ನೀಲಿ ಬೆಳಕಿಗೆ ಹಸಿರಾಗಿ ಮಿನುಗುತ್ತದೆ, ಯಂತ್ರ ಎಣಿಸುತ್ತದೆ.

ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇಂಥ ಕಣಗಳು ಸುಮಾರು 500ರಿಂದ 1500 ಇರುತ್ತವೆ. ಎಚ್.ಐ.ವಿ. ಇವನ್ನೇ ಹೊಕ್ಕು ನಾಶಮಾಡುತ್ತದೆ. ಸರ್ಕಾರದ ಉಚಿತ ಚಿಕಿತ್ಸೆ 2004ರ ಏಪ್ರಿಲ್ 1ರಂದು ಆರಂಭವಾಗಿತ್ತು. ಆಗ 200ಕ್ಕಿಂತ ಕೆಳಗಿಳಿದವರಿಗೆ ಮಾತ್ರೆ ಕೊಡುತ್ತಿದ್ದರು. 2017ರಿಂದ ಸಂಖ್ಯೆ ಎಷ್ಟೇ ಇರಲಿ, ಸೋಂಕಿತರೆಲ್ಲರಿಗೂ ಕೊಡುತ್ತಾರೆ.

180 ಎಂದರೆ ಸಾವಿನ ತೀರ್ಪಲ್ಲ, ಮಾತ್ರೆ ಆರಂಭಿಸಿರೆಂಬ ಸೂಚನೆ. ಮರುದಿನ ಅವನೊಡನೆ ಹೋದಾಗ ವೈದ್ಯರಿಂದ ಇದನ್ನು ತಿಳಿದೆ. ಹಿಂದಿರುಗುವಾಗ ಬಸ್ಸಿನಲ್ಲಿ ಅವನು ಆ ಚೀಟಿಯನ್ನು ಮತ್ತೆ ಮತ್ತೆ ಬಿಚ್ಚಿ ಓದುತ್ತಿದ್ದ.