ಹಿತ್ತಲಾಚೆಯ ಬಯಲು

ಅಳಿಯರಾಯ,

ಕೌಂಟಿಯಿಂದ ಬಂದ ಕಾಗದದ ಫೋಟೊ ಕಳಿಸಿದ್ದೆಯಲ್ಲ, ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದೆ. ನಿನ್ನ ಹಿತ್ತಲ ಬೇಲಿಯಾಚೆ ಇರುವ ಬಯಲನ್ನು ರಿಝೋನಿಂಗ್ (ಜಮೀನಿನ ಬಳಕೆಯ ನಿಯಮ ಬದಲು) ಮಾಡಿಸಿಕೊಂಡು ಟೌನ್‌ಹೌಸು, ಅಪಾರ್ಟ್‌ಮೆಂಟು ಕಟ್ಟಬೇಕೆಂದು ಬಿಲ್ಡರ್ ಒಬ್ಬ ಅರ್ಜಿ ಹಾಕಿದ್ದಾನೆ. ಪಕ್ಕದ ಮನೆಯ ಮಾಲೀಕನಿಗೆ ತಿಳಿಸಬೇಕೆಂದು ಕಾನೂನಿದೆ, ತಿಳಿಸಿದ್ದಾರೆ, ಅಷ್ಟೆ. “ಮಾಮಾ, ಅಲ್ಲಿ ಏನೂ ಬರಲ್ಲ ಅಂತ ಏಜೆಂಟ್ ಹೇಳಿದ್ದ” ಅಂತ ಗೋಳಾಡಿದೆ. ಏಜೆಂಟನ ಮಾತು ಹಾಗಿರಲಿ. ಮನೆ ನೋಡಲು ಹೋದ ದಿನ ನೀನು ಅಡುಗೆಮನೆಯ ಗ್ರಾನೈಟ್ ತಟ್ಟಿ ನೋಡಿದೆ, ಸ್ಕೂಲಿನ ರೇಟಿಂಗ್ ನೋಡಿದೆ, ದಿಕ್ಸೂಚಿ ಹಿಡಿದು ಈಶಾನ್ಯ ಮೂಲೆಯನ್ನೂ ನೋಡಿದೆ. ಝೋನಿಂಗ್ ನಕ್ಷೆ ನೋಡಿದೆಯಾ?

ಬೇಜಾರು ಮಾಡಿಕೊಳ್ಳಬೇಡ. ವರ್ಜೀನಿಯಾದ ಈ ಲೌಡನ್ ಕೌಂಟಿಗೆ ಬರುವ ನಮ್ಮವರಲ್ಲಿ ನೂರಕ್ಕೆ ತೊಂಬತ್ತು ಜನ ನೋಡುವುದಿಲ್ಲ ಅಂತ ನನ್ನ ಲೆಕ್ಕ. ಆದರೆ ಈ ಊರು ಬೆಳೆದಿರುವ ವೇಗ ಗೊತ್ತಿರಲಿ. 1990ರ ಜನಗಣತಿಯಲ್ಲಿ ಇಲ್ಲಿದ್ದವರು ಸುಮಾರು 86 ಸಾವಿರ ಮಂದಿ. 2020ಕ್ಕೆ 4 ಲಕ್ಷ 20 ಸಾವಿರ ದಾಟಿತ್ತು. ಹೀಗೆ ಉಬ್ಬುವ ಊರಿನಲ್ಲಿ ಖಾಲಿ ಬಯಲು ಅಂದರೆ ಅರ್ಜಿ ಇನ್ನೂ ಬಂದಿಲ್ಲ ಅಂತ ಅರ್ಥ.

ಮೊದಲು ಯಾರ ಬಾಗಿಲು ತಟ್ಟಬೇಕು ಅಂತ ತಿಳಿದುಕೊ. ನೀನು ಎಚ್‌ಒಎ (ಮನೆಮಾಲೀಕರ ಸಂಘ) ಅಧ್ಯಕ್ಷನಿಗೆ ಉದ್ದ ಇಮೇಲ್ ಬರೆದಿದ್ದೀಯ. ನಿನ್ನ ಡೆಕ್ಕಿಗೆ ಯಾವ ಬಣ್ಣ ಅಂತ ಹೇಳುವುದಕ್ಕೆ ಅವನಿಗೆ ಅಧಿಕಾರ, ಬೇಲಿಯಾಚೆಗೆ ಇಲ್ಲ. ಮೇಯರ್ ಹತ್ತಿರ ಹೋಗೋಣ ಅಂದರೆ ಈ ಕೌಂಟಿಯ ಆಶ್‌ಬರ್ನ್‌ಗೆ ಮೇಯರ್ ಇಲ್ಲ, ಆಲ್ಡಿಗೂ ಇಲ್ಲ. ಲೀಸ್‌ಬರ್ಗ್, ಪರ್ಸಲ್‌ವಿಲ್ ಸೇರಿ ಏಳು ಪಟ್ಟಣಗಳಿಗೆ ಮಾತ್ರ ತಮ್ಮದೇ ಕೌನ್ಸಿಲ್ ಇದೆ. ಉಳಿದ ಕಡೆಗೆಲ್ಲ ಕೌಂಟಿಯ ಬೋರ್ಡ್ ಆಫ್ ಸೂಪರ್‌ವೈಸರ್ಸೇ ದೊರೆ. ಒಟ್ಟು ಒಂಬತ್ತು ಜನ, ಎಂಟು ಜಿಲ್ಲೆಗಳಿಂದ ಒಬ್ಬೊಬ್ಬರು, ಅಧ್ಯಕ್ಷರನ್ನು ಇಡೀ ಕೌಂಟಿ ಆರಿಸುತ್ತದೆ. ಅವರಿಗಿಂತ ಮುಂಚೆ ಅರ್ಜಿ ಪ್ಲಾನಿಂಗ್ ಕಮಿಷನ್ನಿಗೆ ಹೋಗುತ್ತದೆ. ಅದು ಸಲಹೆ ಕೊಡುತ್ತದೆ, ತೀರ್ಮಾನ ಬೋರ್ಡಿನದು. ಮಗಳ ಸ್ಕೂಲಿನ ಗಡಿ ಬದಲಾಯಿಸುವುದು ಬೇರೆಯೇ ಸ್ಕೂಲ್ ಬೋರ್ಡು. ಇನ್ನು ಹೈ ಟೆನ್ಷನ್ ಲೈನ್ ಎಲ್ಲಿ ಹಾಯಬೇಕು ಅನ್ನುವುದು ಕೌಂಟಿಯ ಕೈಯಲ್ಲೇ ಇಲ್ಲ, ರಿಚ್‌ಮಂಡಿನಲ್ಲಿ ಕೂತಿರುವ ಸ್ಟೇಟ್ ಕಾರ್ಪೊರೇಷನ್ ಕಮಿಷನ್ನಿನದು. ತಂತಿಯ ವಿಷಯಕ್ಕೆ ಸೂಪರ್‌ವೈಸರನ್ನು ಬೈದು ಗಂಟಲು ಒಣಗಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಅರ್ಜಿಯ ಬಗ್ಗೆ ಜನರ ಮಾತು ಕೇಳುವ ಹಿಯರಿಂಗ್ ದಿನ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಎಲ್ಲರೂ ನುಗ್ಗೋಣ ಅಂತ ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಮಾತಾಗುತ್ತಿದೆಯಂತೆ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಆ ದಿನಕ್ಕೆ ಕಾದು ಕೂರುವುದು ಎಲೆ ಎತ್ತುವ ಹೊತ್ತಿಗೆ ಬಂದು ಸಾರಿಗೆ ಉಪ್ಪು ಕಡಿಮೆ ಅಂದ ಹಾಗೆ. ನಿನ್ನ ಹಿತ್ತಲಾಚೆ ಎಂಥದು ಬರಬಹುದು ಅನ್ನುವುದು 2019ರ ಜೂನ್‌ನಲ್ಲೇ ಮುಕ್ಕಾಲು ತೀರ್ಮಾನವಾಗಿದೆ. ಆವತ್ತು ಬೋರ್ಡು ಹೊಸ ಜನರಲ್ ಪ್ಲಾನ್ ಒಪ್ಪಿತು. ಮೆಟ್ರೊ ಸ್ಟೇಷನ್ನುಗಳ ಸುತ್ತ ಒತ್ತೊತ್ತಾಗಿ ಕಟ್ಟಬಹುದು, ಪೂರ್ವದಲ್ಲಿ ಬಡಾವಣೆಗಳು, ಪಶ್ಚಿಮದಲ್ಲಿ ಹೊಲ, ಕುದುರೆ ಫಾರಂ, ದ್ರಾಕ್ಷಿ ತೋಟ, ಇವೆರಡರ ನಡುವೆ ಒಂದು ಪಟ್ಟಿ ಅಂತ ಕೌಂಟಿಯನ್ನು ಹಂಚಿದ ಪ್ಲಾನ್ ಅದು. ಸಿಲ್ವರ್ ಲೈನ್ ರೈಲು ಆಶ್‌ಬರ್ನ್ ಮುಟ್ಟಿದ್ದು 2022ರ ನವೆಂಬರ್‌ನಲ್ಲಿ. ಸ್ಟೇಷನ್ ಪಕ್ಕ ಏನು ಏಳಬೇಕು ಅನ್ನುವುದು ಅದಕ್ಕೂ ಮುಂಚೆ ಕಾಗದದ ಮೇಲಿತ್ತು. 2023ರ ಡಿಸೆಂಬರ್‌ನಲ್ಲಿ ಝೋನಿಂಗ್ ಕಾನೂನನ್ನೇ ಹೊಸದಾಗಿ ಬರೆದರು. ಆ ಸಭೆಗಳಲ್ಲಿ ಬಿಲ್ಡರುಗಳ ವಕೀಲರು ತಪ್ಪದೆ ಇದ್ದರು. ನಮ್ಮವರು ಕಂಡದ್ದು ಕಡಿಮೆ. ಪ್ಲಾನಿಗೆ ಹೊಂದುವ ಅರ್ಜಿಯನ್ನು ತಳ್ಳಿಹಾಕುವುದು ಬೋರ್ಡಿಗೆ ಕಷ್ಟ, ಹೊಂದದ ಅರ್ಜಿಯನ್ನು ಒಪ್ಪುವುದಕ್ಕೆ ಅವರು ಕಾರಣ ಹುಡುಕಬೇಕು. ಆದ್ದರಿಂದ ನಿನ್ನ ಮೊದಲ ಕೆಲಸ, ಆ ಬಯಲಿನ ಬಗ್ಗೆ ಪ್ಲಾನ್ ಏನು ಹೇಳುತ್ತದೆ ಅಂತ ಓದುವುದು.

(ಬೆಂಗಳೂರಿನಲ್ಲಿ ನಿಮ್ಮಮ್ಮನಿಗೆ ಇದನ್ನೆಲ್ಲ ವಿವರಿಸಲು ಹೋದರೆ ಅವಳು ನಗುತ್ತಾಳೆ. ಅಲ್ಲಿ 2031ಕ್ಕೆಂದು ಮಾಡಿದ ಮಾಸ್ಟರ್ ಪ್ಲಾನಿನ ಕರಡು 2017ರಲ್ಲಿ ಬಂದು ಹಾಗೇ ಹಿಂದಕ್ಕೆ ಹೋಯಿತು. 2015ರ ಹೆಸರಿನ ಹಳೇ ಪ್ಲಾನೇ ಮುಂದುವರಿಯಿತು. ಇಲ್ಲಿ ಪ್ಲಾನ್ ಬರೆದರೆ ಅದಕ್ಕೆ ಬೆಲೆ ಇದೆ, ಅದಕ್ಕೇ ಓದು ಅನ್ನುತ್ತಿದ್ದೇನೆ.)

ಈ ಅರ್ಜಿ ಬೇಡ ಅಂದರೆ ನಿನ್ನ ಹಿತ್ತಲಾಚೆ ಹುಲ್ಲು, ಜಿಂಕೆ ಉಳಿಯುತ್ತವೆ ಅಂದುಕೊಂಡಿದ್ದರೆ ಅದನ್ನು ಮನಸ್ಸಿನಿಂದ ತೆಗೆದುಹಾಕು. ಈಗಿರುವ ಝೋನಿಂಗ್ ಪ್ರಕಾರ ಯಾರನ್ನೂ ಕೇಳದೆ ಅಲ್ಲಿ ಏನೇನು ಕಟ್ಟಬಹುದು ಅಂತ ಕೌಂಟಿಯ ಪ್ಲಾನರಿಗೆ ಫೋನ್ ಮಾಡಿ ಕೇಳು, ಸಮಾಧಾನವಾಗಿ ಹೇಳುತ್ತಾರೆ. ಇದಕ್ಕೆ ‘ಬೈ ರೈಟ್’ ಅನ್ನುತ್ತಾರೆ. ಆಶ್‌ಬರ್ನ್ ಸುತ್ತ ಕಿಟಕಿಯಿಲ್ಲದ ಡೇಟಾ ಸೆಂಟರುಗಳು ಸಾಲಾಗಿ ಎದ್ದಾಗ ಇದಕ್ಕೆಲ್ಲ ಒಪ್ಪಿಗೆ ಕೊಟ್ಟವರಾರು ಅಂತ ಜನ ಕೂಗಾಡಿದರು. ಎಷ್ಟೋ ಕಟ್ಟಡಗಳಿಗೆ ಹಿಯರಿಂಗೇ ನಡೆದಿರಲಿಲ್ಲ. ಆಫೀಸು, ಕೈಗಾರಿಕೆ ಅಂತ ಗುರುತು ಮಾಡಿದ ಜಾಗದಲ್ಲಿ ಡೇಟಾ ಸೆಂಟರ್ ಬೈ ರೈಟ್ ಇತ್ತು. ಎತ್ತರ, ಸುತ್ತ ಬಿಟ್ಟ ಜಾಗ, ಮಳೆನೀರಿನ ವ್ಯವಸ್ಥೆ ಸರಿಯಿದ್ದರೆ ಸಿಬ್ಬಂದಿ ಸಹಿ ಹಾಕಲೇಬೇಕಿತ್ತು. 2025ರ ಮಾರ್ಚ್‌ನಲ್ಲಿ ಬೋರ್ಡು ಆ ಬಾಗಿಲು ಮುಚ್ಚಿತು. ಈಗ ಹೊಸ ಡೇಟಾ ಸೆಂಟರ್ ಬೇಕಾದರೆ ಸ್ಪೆಷಲ್ ಎಕ್ಸೆಪ್ಶನ್ ಎಂಬ ಬೋರ್ಡಿನ ವಿಶೇಷ ಒಪ್ಪಿಗೆ ಕೇಳಬೇಕು, ಹಿಯರಿಂಗಿಗೆ ಬರಬೇಕು. ಆದರೆ ಬೈಯುವ ಮುಂಚೆ ನಿನ್ನ ತೆರಿಗೆ ಬಿಲ್ಲನ್ನೂ ತೆಗೆದು ನೋಡು. 2010ರಲ್ಲಿ ಮನೆಯ ಬೆಲೆಯ ಪ್ರತಿ 100 ಡಾಲರಿಗೆ 1 ಡಾಲರ್ 30 ಸೆಂಟ್ ತೆರಿಗೆ ಇತ್ತು, 2025ರಲ್ಲಿ 80.5 ಸೆಂಟ್. ಮನೆಗಳ ಬೆಲೆ ಏರಿದ್ದೂ ಒಂದು ಕಾರಣವೇ. ಆದರೂ ಆ ಕಟ್ಟಡಗಳೊಳಗಿನ ಕಂಪ್ಯೂಟರುಗಳ ಮೇಲಿನ ತೆರಿಗೆ ಇಲ್ಲದಿದ್ದರೆ ನಿನ್ನ ಮಗಳ ಸ್ಕೂಲಿನ ಖರ್ಚು ನಿನ್ನ ತಲೆಗೇ ಬೀಳುತ್ತಿತ್ತು.

ಅರ್ಜಿಯ ಕಡತದಲ್ಲಿ ಎರಡೇ ಎರಡು ಓದು. ಒಂದು ಸಿಬ್ಬಂದಿಯ ವರದಿ, ಅಂದರೆ ಸ್ಟಾಫ್ ರಿಪೋರ್ಟ್. ಪ್ಲಾನಿಗೆ ಎಲ್ಲಿ ಹೊಂದಿಲ್ಲ ಅಂತ ಅವರೇ ಬರೆದಿರುತ್ತಾರೆ, ನಿನ್ನ ಅರ್ಧ ಕೆಲಸ ಮುಗಿಯಿತು. ಇನ್ನೊಂದು ಪ್ರಾಫರ್. ರಿಝೋನಿಂಗ್ ಮಾಡಿಕೊಟ್ಟರೆ ನಾನು ಇಂತಿಂಥದು ಮಾಡಿಕೊಡುತ್ತೇನೆ ಅಂತ ಬಿಲ್ಡರ್ ತಾನಾಗಿ ಬರೆದುಕೊಡುವ ಮಾತು. ಒಪ್ಪಿಗೆಯಾದ ಮೇಲೆ ಅದು ಆ ಜಮೀನಿಗೆ ಅಂಟಿಕೊಳ್ಳುತ್ತದೆ, ಜಮೀನು ಯಾರ ಕೈಗೆ ಹೋದರೂ ಬಿಡುವುದಿಲ್ಲ. ಬಣ್ಣದ ಚಿತ್ರಗಳಲ್ಲಿ ಮರ, ಬೆಂಚು, ನಾಯಿ ಹಿಡಿದು ನಡೆಯುವ ದಂಪತಿ ಎಲ್ಲ ಇರುತ್ತಾರೆ. ಅವು ಪ್ರಾಫರಿನ ಅಕ್ಷರದಲ್ಲಿ ಇಲ್ಲದಿದ್ದರೆ ಲೆಕ್ಕಕ್ಕಿಲ್ಲ. ಓದುವಾಗ ‘ಏನು’ ಅನ್ನುವುದಕ್ಕಿಂತ ‘ಯಾವಾಗ’ ಅನ್ನುವುದರ ಮೇಲೆ ಬೆರಳಿಡು. ‘ಮೊದಲ ಮನೆಗೆ ವಾಸದ ಪರ್ಮಿಟ್ ಕೊಡುವ ಮುನ್ನ ಎಡ ತಿರುವಿನ ಲೇನ್ ಸಿದ್ಧವಾಗಿರಬೇಕು’ ಅಂತ ಇದ್ದರೆ ಆ ಲೇನ್ ಬರುತ್ತದೆ. ‘ಕೊನೆಯ ಮನೆಯ ಪರ್ಮಿಟ್ ಮುನ್ನ’ ಅಂತ ಇದ್ದರೆ, ಕೊನೆಯ ಎರಡು ಮನೆಗಳನ್ನು ಕಟ್ಟದೆ ಬಿಟ್ಟ ಬಿಲ್ಡರ್ ಲೇನನ್ನೂ ಬಿಡಬಹುದು. ಬೇಲಿ ಪಕ್ಕದ ಮರಗಳ ಪಟ್ಟಿ ಎಷ್ಟು ಅಡಿ, ಈಗಿರುವ ಮರ ಉಳಿಸುತ್ತಾನೋ ಕಡಿದು ಸಸಿ ನೆಡುತ್ತಾನೋ, ಮಳೆನೀರಿನ ಹೊಂಡ ನಿನ್ನ ಕಡೆಗೋ ಆಚೆಗೋ, ಇದೇ ನಿನ್ನ ನಿತ್ಯದ ಬದುಕು. ಬದಲಾಯಿಸಲು ಸಾಧ್ಯವಿರುವುದೂ ಇದೇ, ಅದೂ ಹಿಯರಿಂಗಿಗೆ ಮುಂಚಿನ ತಿಂಗಳುಗಳಲ್ಲಿ. ನಿಮ್ಮ ಜಿಲ್ಲೆಯ ಸೂಪರ್‌ವೈಸರ್ ಆಫೀಸಿಗೆ ಹೋಗಿ ಬಿಲ್ಡರನನ್ನೂ ಕೂರಿಸಿಕೊಂಡು ಮಾತಾಡಿ. ರಾಜ್ಯದ ಕಾನೂನು ಮನೆಗಳ ವಿಷಯದಲ್ಲಿ ಕೌಂಟಿಯ ಕೈ ಒಂದಿಷ್ಟು ಕಟ್ಟಿದೆ, ಏನು ಬೇಕಾದರೂ ಕೇಳಲು ಬರುವುದಿಲ್ಲ. ಆದರೂ ಮರ, ರಸ್ತೆ, ಬೆಳಕಿನ ಮಾತಿಗೆ ಬಿಲ್ಡರ್ ಬಗ್ಗುತ್ತಾನೆ. ಅವನಿಗೂ ಬೇಗ ಮುಗಿಯಬೇಕು.

ಪತ್ರಿಕೆಯಲ್ಲಿ ಬಂದ ಹಿಯರಿಂಗ್ ನೋಟಿಸನ್ನು ಕತ್ತರಿಸಿ ಇಟ್ಟುಕೊ, ತಾರೀಖು ಕಾಣುವ ಹಾಗೆ. ನೋಟಿಸಿನ ತಪ್ಪಿಗೇ ತೀರ್ಮಾನ ಬಿದ್ದುಹೋದದ್ದಿದೆ. 2003ರ ಜನವರಿಯಲ್ಲಿ ಈ ಕೌಂಟಿ ಪಶ್ಚಿಮ ಭಾಗದಲ್ಲಿ ಮನೆಗಳ ಸಂಖ್ಯೆ ತಗ್ಗಿಸುವ ದೊಡ್ಡ ತಿದ್ದುಪಡಿ ಮಾಡಿತ್ತು. ಏನು ಬದಲಾಗುತ್ತಿದೆ ಅಂತ ಜಾಹೀರಾತಿನಲ್ಲಿ ಸರಿಯಾಗಿ ಹೇಳಿಲ್ಲ ಎಂದು 2005ರಲ್ಲಿ ವರ್ಜೀನಿಯಾ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಹಳೇ ನಿಯಮಕ್ಕೆ ಮತ್ತೆ ಜೀವ ಬಂತು. ಪಕ್ಕದ ಪ್ರಿನ್ಸ್ ವಿಲಿಯಂ ಕೌಂಟಿಯ ಕಥೆ ಇನ್ನೂ ಸ್ವಾರಸ್ಯ. ಮನಾಸಸ್ ಯುದ್ಧಭೂಮಿಯ ಮಗ್ಗುಲಲ್ಲಿ 2,100 ಎಕರೆಗೂ ಮೀರಿ ಡೇಟಾ ಸೆಂಟರ್ ಮಾಡುವ ‘ಡಿಜಿಟಲ್ ಗೇಟ್‌ವೇ’ ಬಗ್ಗೆ 2023ರ ಡಿಸೆಂಬರ್‌ನಲ್ಲಿ ಸುಮಾರು 27 ಗಂಟೆ ಎಡೆಬಿಡದೆ ಸಭೆ ನಡೆಯಿತು. ಅಲ್ಲಿನ ಬೋರ್ಡಿನ ಅಧ್ಯಕ್ಷೆ ಅದೇ ವರ್ಷ ಪಕ್ಷದ ಪ್ರೈಮರಿಯಲ್ಲಿ ಸೋತಿದ್ದರು, ಬೋರ್ಡಿನ ಅವಧಿ ಮುಗಿಯಲು ಮೂರು ವಾರವೂ ಇರಲಿಲ್ಲ. 4–3 ಮತಗಳಿಂದ ಒಪ್ಪಿಗೆ ಕೊಟ್ಟರು. ಅಷ್ಟು ಜನ ರಾತ್ರಿಯಿಡೀ ಮಾತಾಡಿದ್ದು ಅದನ್ನು ತಡೆಯಲಿಲ್ಲ. ಪತ್ರಿಕೆಯ ನೋಟಿಸು ಕಾನೂನು ಹೇಳಿದ ಕ್ರಮದಲ್ಲಿ ಬಂದಿಲ್ಲ ಎಂದು 2025ರ ಆಗಸ್ಟ್‌ನಲ್ಲಿ ಸರ್ಕ್ಯೂಟ್ ಕೋರ್ಟಿನ ನ್ಯಾಯಾಧೀಶೆ ಆ ರಿಝೋನಿಂಗನ್ನು ರದ್ದು ಮಾಡಿದರು. ಹಾಗಂತ ಇದನ್ನೇ ನೆಚ್ಚಿಕೊಳ್ಳಬೇಡ. ಲೌಡನ್ ತನ್ನ ತಿದ್ದುಪಡಿಯನ್ನು 2006ರ ಕೊನೆಯಲ್ಲಿ ಬೇರೆ ರೂಪದಲ್ಲಿ ಮತ್ತೆ ಮಾಡಿಯೇ ಮಾಡಿತು. ಕೋರ್ಟಿಗೆ ಹೋಗುವುದಾದರೆ ಬೋರ್ಡಿನ ತೀರ್ಮಾನವಾದ 30 ದಿನದೊಳಗೆ ಹೋಗಬೇಕು, ಊರಿಗೆ ಹೋಗಿ ಬಂದು ನೋಡೋಣ ಅನ್ನುವಂತಿಲ್ಲ.

ಒಂದು ಮಾತು, ಮಾವನಾಗಿ ಹೇಳಲೇಬೇಕು. ‘ಅಪಾರ್ಟ್‌ಮೆಂಟಿಗೆ ಎಂಥೆಂಥ ಜನ ಬರುತ್ತಾರೋ’ ಅಂತ ನಿಮ್ಮ ಗುಂಪಿನಲ್ಲಿ ಯಾರೋ ಬರೆದದ್ದನ್ನು ನೀನು ನನಗೆ ಫಾರ್ವರ್ಡ್ ಮಾಡಿದೆ. ಅದನ್ನು ಮೈಕಿನ ಮುಂದೆ ತರಬೇಡ, ವಾಟ್ಸಾಪಿನಲ್ಲೂ ಬೇಡ. ನೀನಿರುವ ಟೌನ್‌ಹೌಸು ಕೂಡ ರಿಝೋನಿಂಗಿನಿಂದ ಬಂದದ್ದೇ. ನೀವು ಮಸಾಲೆಯ ವಾಸನೆ ಹೊತ್ತು ಬರುವ ಮುಂಚೆ ಅಲ್ಲಿದ್ದ ರೈತರು ಹಿಯರಿಂಗಿನಲ್ಲಿ ನಿಂತು ಆಡಿದ ಮಾತು ಹೆಚ್ಚೂಕಮ್ಮಿ ಇದೇ. 1926ರಲ್ಲಿ ಓಹಾಯೋದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ಝೋನಿಂಗ್ ಸಿಂಧು ಅಂತ ಹೇಳಿದ ಅಮೆರಿಕದ ಸುಪ್ರೀಂ ಕೋರ್ಟೇ ಒಂಟಿ ಮನೆಗಳ ನಡುವೆ ಬರುವ ಅಪಾರ್ಟ್‌ಮೆಂಟನ್ನು ಪರಾವಲಂಬಿಗೆ ಹೋಲಿಸಿತ್ತು. ಆ ರಾಗ ಅಷ್ಟು ಹಳೆಯದು. ನಿನ್ನ ಮಗಳ ಟೀಚರು, ಆಸ್ಪತ್ರೆಯ ನರ್ಸು, ನಾಳೆ ವೀಸಾದ ಮೇಲೆ ಬಂದಿಳಿಯುವ ನಿನ್ನ ಚಿಕ್ಕಪ್ಪನ ಮಗ, ಇವರೆಲ್ಲ ಎಲ್ಲಿರಬೇಕು? ಒಂಟಿ ಮನೆ ಕೊಳ್ಳುವಷ್ಟು ದುಡ್ಡು ಅವರ ಬಳಿ ಇಲ್ಲ.

ಎಚ್‌-1ಬಿ ಇರುವವರು ಬಾಯಿ ಬಿಡಬಾರದು ಅಂತ ನಿನಗೆ ಯಾರು ಹೇಳಿದರೋ. ವೋಟು ಹಾಕಲು ಪೌರತ್ವ ಬೇಕು, ಹಿಯರಿಂಗಿನಲ್ಲಿ ಮಾತಾಡಲು ಬೇಡ. ನಿನ್ನ ಹೆಸರು, ನೀನಿರುವ ಜಾಗ ಹೇಳಿದರೆ ಸಾಕು. ಮುಂದಿನ ಬೋರ್ಡ್ ಚುನಾವಣೆ 2027ರ ನವೆಂಬರ್‌ನಲ್ಲಿ. ಪೌರತ್ವ ಬಂದಿರುವ ನಿಮ್ಮ ಬೀದಿಯವರು ಅಮೆರಿಕದ ಅಧ್ಯಕ್ಷರ ಚುನಾವಣೆಗೆ ಹೋದಷ್ಟು ಉಮೇದಿನಿಂದ ಇದಕ್ಕೂ ಹೋಗುತ್ತಾರಾ, ಕೇಳಿ ನೋಡು.

ಮಾತಾಡಲು ಸಿಗುವುದು ಎರಡು–ಮೂರು ನಿಮಿಷ. ಮನೆಯ ಬೆಲೆ ಬೀಳುತ್ತದೆ ಅನ್ನುವುದರಿಂದ ಶುರು ಮಾಡಬೇಡ, ನಿನಗಿಂತ ಮುಂಚಿನ ಹತ್ತು ಜನ ಅದನ್ನೇ ಹೇಳಿರುತ್ತಾರೆ. ಬೆಳಗ್ಗೆ ಸ್ಕೂಲ್ ಬಸ್ ಬರುವ ಹೊತ್ತಿಗೆ ನಿಮ್ಮ ಬೀದಿಯಿಂದ ಮುಖ್ಯ ರಸ್ತೆಗೆ ಎಡಕ್ಕೆ ತಿರುಗಲು ಎಷ್ಟು ಹೊತ್ತು ಕಾಯಬೇಕು ಅಂತ ಒಂದು ವಾರ ಬರೆದಿಟ್ಟುಕೊ, ಆ ಅಂಕಿ ಹೇಳು, ಪ್ರಾಫರಿನ ಯಾವ ಸಾಲು ಹೇಗೆ ಬದಲಾಗಬೇಕು ಹೇಳು, ಕೂತುಕೊ. ಹೆಂಡತಿಗೆ ಬೇರೆ ವಿಷಯ ಕೊಡು, ಇಬ್ಬರೂ ಒಂದೇ ಪಾಠ ಒಪ್ಪಿಸಬೇಡಿ. ಹೆಸರನ್ನು ಮೊದಲೇ ಬರೆಸಿ. ಲೀಸ್‌ಬರ್ಗ್‌ನ ಗವರ್ನ್‌ಮೆಂಟ್ ಸೆಂಟರಿಗೆ ಸಂಜೆ ಹೋಗುವಾಗ ಊಟ ಮುಗಿಸಿಕೊಂಡೇ ಹೋಗಿ, ನಿಮ್ಮ ಸರದಿ ಬರುವಷ್ಟರಲ್ಲಿ ರಾತ್ರಿ ಹತ್ತಾಗಬಹುದು. ಮಗಳನ್ನು ನಮ್ಮ ಮನೆಯಲ್ಲಿ ಬಿಡಿ, ಅತ್ತೆ ನೋಡಿಕೊಳ್ಳುತ್ತಾಳೆ.