ಹುಣಸೆಮರದ ಬುಡದ ವೀರಣ್ಣ

ಪ್ರಶ್ನೆ: ನಮ್ಮೂರಿನ ರಸ್ತೆ ಅಗಲ ಮಾಡುತ್ತಿದ್ದಾರೆ. ಹುಣಸೆಮರದ ಬುಡದಲ್ಲಿ ಎದೆಮಟ್ಟದ ಒಂದು ಕಲ್ಲಿದೆ. ಹಿರಿಯರು ‘ವೀರಣ್ಣ’ ಅಂತ ಹಬ್ಬದ ದಿನ ಎಣ್ಣೆ ಹಚ್ಚುತ್ತಾರೆ. ಜೆಸಿಬಿಯಲ್ಲಿ ಎತ್ತಿ ದೇವಸ್ಥಾನದ ಅಂಗಳಕ್ಕೆ ಹಾಕುತ್ತೇವೆ ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಒಪ್ಪಬಹುದೇ? ಅದು ಯಾವ ದೇವರು? ಫೋಟೊ ಕಳಿಸಿದ್ದೇನೆ.
– ಓದುಗರೊಬ್ಬರು, ಚನ್ನರಾಯಪಟ್ಟಣ ತಾಲ್ಲೂಕು

ಉತ್ತರ: ದೇವರಲ್ಲ, ನಿಮ್ಮ ಸೀಮೆಯಲ್ಲೇ ಕಾದಾಡಿ ಸತ್ತ ಒಬ್ಬ ಮನುಷ್ಯ. ಇದು ವೀರಗಲ್ಲು. ಕೆಳಗಿನಿಂದ ಮೇಲಕ್ಕೆ ಓದಿ. ಕೆಳಗಿನ ಅಂಕಣದಲ್ಲಿ ಕತ್ತಿ ಹಿಡಿದವನು ದೊಡ್ಡವನು, ಎದುರಾಳಿಗಳು ಚಿಕ್ಕವರು. ಅವನ ಬೆನ್ನ ಹಿಂದೆ ಸಾಲಾಗಿ ಕಾಣುವುದು ದನಗಳು. ಎಣ್ಣೆಯ ಜಿಡ್ಡಿನಲ್ಲಿ ಮುಚ್ಚಿಹೋಗಿದ್ದರೂ ಕೊಂಬು ಸ್ಪಷ್ಟವಾಗಿದೆ. ಎಂದರೆ ತುರುಗೊಳ್: ಊರಿನ ದನ ಹೊಡೆದುಕೊಂಡು ಹೋದವರನ್ನು ಅಡ್ಡಗಟ್ಟಿ ಇವನು ಸತ್ತಿದ್ದಾನೆ. ನಡುವಿನ ಅಂಕಣದಲ್ಲಿ ಅಪ್ಸರೆಯರು ಅವನ ತೋಳು ಹಿಡಿದು ಕರೆದೊಯ್ಯುತ್ತಿದ್ದಾರೆ. ಮೇಲೆ ಶಿವಲಿಂಗ, ಬಸವ, ಪೂಜೆ ಮಾಡುವವನು, ಪಕ್ಕದಲ್ಲಿ ಕೈಮುಗಿದು ಕುಳಿತ ವೀರ. ಅಂಕಣಗಳ ನಡುವಿನ ಪಟ್ಟಿಗಳನ್ನು ಸರಿಯಾಗಿ ನೋಡಿ. ಬರಹ ಇದ್ದರೆ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಈಗ ಜೆಸಿಬಿ ವಿಚಾರ. ಒಪ್ಪಬೇಡಿ, ಕನಿಷ್ಠ ಈ ವಾರ ಒಪ್ಪಬೇಡಿ. ಇಂಥ ಕಲ್ಲಿನ ಅರ್ಧ ಇತಿಹಾಸ ಅದು ನಿಂತ ಜಾಗದಲ್ಲಿದೆ. ಹಳೇ ಊರಿನ ಬಾಗಿಲು ಎಲ್ಲಿತ್ತು, ದನ ಮೇಯುತ್ತಿದ್ದ ಬಯಲು ಯಾವುದು, ದಾರಿ ಎತ್ತ ಹೋಗುತ್ತಿತ್ತು ಎಂಬ ಸುಳಿವು ಸಿಗುವುದು ಅಲ್ಲಿಂದಲೇ. ಗುಡಿಯ ಅಂಗಳಕ್ಕೆ ಹೋದ ಕಲ್ಲು ಮುಂದೆ ಬಟ್ಟೆ ಒಗೆಯುವ ಚಪ್ಪಡಿಯಾದದ್ದನ್ನೂ ನೋಡಿದ್ದೇನೆ. ತಹಶೀಲ್ದಾರರಿಗೂ ಮೈಸೂರಿನಲ್ಲಿರುವ ಪುರಾತತ್ವ ಇಲಾಖೆಗೂ ಫೋಟೊ ಸಹಿತ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಸರಿಸುವುದು ಅನಿವಾರ್ಯವಾದರೆ ಕಲ್ಲಿನ ಮುಖ ಯಾವ ದಿಕ್ಕಿಗಿತ್ತು, ಮಣ್ಣಿನಲ್ಲಿ ಎಷ್ಟು ಹೂತಿತ್ತು ಎಂದು ಬರೆದಿಟ್ಟು, ಹಗ್ಗ, ಮರದ ದಿಮ್ಮಿ ಹಾಕಿ ಎತ್ತಿಸಿ, ಹತ್ತಿರದಲ್ಲೇ ಅದೇ ದಿಕ್ಕಿಗೆ ನಿಲ್ಲಿಸಿ. ಬಕೆಟ್ಟಿನ ಹಲ್ಲು ಕಲ್ಲಿಗೆ ತಾಗಬಾರದು. ಎಣ್ಣೆ ಹಚ್ಚುವ ಹಿರಿಯರ ಜೊತೆ ಜಗಳಕ್ಕೂ ಹೋಗಬೇಡಿ. ಇಷ್ಟು ಶತಮಾನ ಆ ಕಲ್ಲನ್ನು ಉಳಿಸಿದ್ದು ಇಲಾಖೆಯಲ್ಲ, ಅವರು.

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಕಿತ್ತಯ್ಯ ಎಂಬವನ ವೀರಗಲ್ಲು ಬೆಳಕಿಗೆ ಬಂತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಸುತ್ತಲಿನ ಜನ, ಇತಿಹಾಸದ ಆಸಕ್ತರು ಸೇರಿ ಹೆಬ್ಬಾಳದಲ್ಲೇ ಅದಕ್ಕೊಂದು ಮಂಟಪ ಕಟ್ಟಿಸಿದರು. ಫ್ಲೈಓವರಿನ ಊರಿನಲ್ಲಿ ಆದದ್ದು ನಿಮ್ಮೂರಿನಲ್ಲಿ ಆಗದೇನು?

ಪ್ರಶ್ನೆ: ನಮ್ಮ ಹೊಲದ ಬದುವಿನ ಕಲ್ಲಿನ ಮೇಲೆ ಸೂರ್ಯ, ಚಂದ್ರರ ಗುರುತಿದೆ. ಅದರಡಿ ನಿಧಿ ಇದೆ ಎನ್ನುತ್ತಾರೆ. ನಿಜವೇ?
– ಹೆಸರು ಬೇಡ ಎಂದವರು

ಉತ್ತರ: ಇಲ್ಲ. ಸೂರ್ಯಚಂದ್ರರು ಇರುವವರೆಗೂ ಈ ದಾನ, ಈ ಹೆಸರು ನಿಲ್ಲಲಿ ಎಂಬುದಷ್ಟೇ ಅದರ ಅರ್ಥ. ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು ಹಿಡಿದು ಬರುವವರ ಮಾತು ಕೇಳಿ ಬುಡ ಅಗೆದರೆ ಕಲ್ಲು ಬೀಳುತ್ತದೆ, ಮೇಲೆ ಕೇಸೂ ಬೀಳುತ್ತದೆ. ಇನ್ನೊಂದು ಮಾತು: ಕಾಯ್ದೆಯ ಪ್ರಕಾರ ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಪ್ರಶ್ನೆ: ನಾಯಿಗೆ ನಿಲ್ಲಿಸಿದ ಕಲ್ಲೊಂದು ಮಂಡ್ಯ ಜಿಲ್ಲೆಯಲ್ಲಿದೆ ಎಂದು ಮಗಳಿಗೆ ಹೇಳಿದೆ. ‘ಸುಳ್ಳು ಹೇಳಬೇಡಪ್ಪ’ ಎಂದಳು. ಯಾರು ಸರಿ?
– ಒಬ್ಬ ತಂದೆ, ಮದ್ದೂರು

ಉತ್ತರ: ಮುಕ್ಕಾಲು ನೀವೇ ಸರಿ. ಕಲ್ಲು ನಿಮ್ಮ ತಾಲ್ಲೂಕಿನ ಆತಕೂರಿನದು. ಆದರೆ ಈಗ ಅಲ್ಲಿಲ್ಲ, ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949ರಲ್ಲಿ ತಕ್ಕೋಲಂ ಎಂಬಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧವಾಯಿತು. ಕೃಷ್ಣನ ಪರ ನಿಂತ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆ ಮಣಲೆರ ಎಂಬ ವೀರನಿದ್ದ. ಮೆಚ್ಚಿದ ದೊರೆ ‘ಏನು ಬೇಕೋ ಬೇಡು’ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಆ ನಾಯಿಯನ್ನು ಮುಂದೆ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಎರಡೂ ಕಾದಾಡಿ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲಿ ಎಂದೂ ಬರೆಸಿದರು.

ಶಾಸನದಲ್ಲಿ ಶಕ 872 ಎಂದಿದೆ. ಶಕ ವರ್ಷಕ್ಕೆ 78 ಕೂಡಿದರೆ ಸುಮಾರಾಗಿ ಕ್ರಿಸ್ತಶಕ ಸಿಗುತ್ತದೆ, ಮಗಳ ಕೈಲೇ ಕೂಡಿಸಿ. ಒಂದು ವರ್ಷ ಹೆಚ್ಚುಕಡಿಮೆ ಬಂದರೆ ಬೈಯಬೇಡಿ, ಆಗಿನ ವರ್ಷ ಶುರುವಾಗುತ್ತಿದ್ದುದು ಯುಗಾದಿಗೆ. ನಾಯಿ ಹಂದಿಯ ಮೇಲೆ ಬಿದ್ದ ಚಿತ್ರ ಕಲ್ಲಿನ ಮೇಲೇ ಇದೆ, ಒಂದು ಭಾನುವಾರ ಕರೆದುಕೊಂಡು ಹೋಗಿ. ಕಲ್ಲು ಸಂಗ್ರಹಾಲಯದಲ್ಲಿ ಭದ್ರವಾಗಿದೆ ನಿಜ. ಆದರೂ ಆತಕೂರಿನ ಮಕ್ಕಳು ತಮ್ಮೂರ ನಾಯಿಯನ್ನು ನೋಡಲು ಬೆಂಗಳೂರಿಗೆ ಬಸ್ಸು ಹತ್ತಬೇಕು. ಊರಿನಲ್ಲಿ ಅದರ ತದ್ರೂಪು ನಿಲ್ಲಿಸುವುದು ಅಂಥ ದೊಡ್ಡ ಖರ್ಚೇನಲ್ಲ.

ಪ್ರಶ್ನೆ: ಕೆರೆ ಏರಿಯ ಮೇಲೆ ಬಳೆ ತೊಟ್ಟ ಒಂಟಿ ಕೈ ಕೆತ್ತಿದ ಕಲ್ಲಿದೆ. ಏನದು?
– ಶಿಕ್ಷಕಿ, ಎಚ್.ಡಿ. ಕೋಟೆ

ಉತ್ತರ: ಮಾಸ್ತಿಗಲ್ಲು. ಗಂಡನ ಹಿಂದೆ ಬೆಂಕಿಗೆ ಬಿದ್ದ ಹೆಂಗಸಿನದು. ನಿಮ್ಮ ತಾಲ್ಲೂಕಿನ ಬೆಳತೂರಿನಲ್ಲೇ 1057ರ ದೇಕಬ್ಬೆಯ ಶಾಸನವಿದೆ. ಹೆತ್ತವರು ಬೇಡವೆಂದು ಅಂಗಲಾಚಿದ್ದು ಅದರಲ್ಲೇ ದಾಖಲಾಗಿದೆ. ಮಕ್ಕಳಿಗೆ ಹೇಳುವಾಗ ತ್ಯಾಗದ ಕಥೆ ಮಾಡದೆ ಆ ತಾಯಿತಂದೆಯರಿಂದ ಶುರು ಮಾಡಿ.

ಪ್ರಶ್ನೆ: ಕಲ್ಲಿನ ಅಕ್ಷರ ಮಸುಕಾಗಿದೆ. ಬಿಳಿ ಪೇಂಟ್ ತುಂಬಿದರೆ ಓದಲು ಬರುತ್ತದಲ್ಲ?
– ಯುವಕ ಸಂಘದವರು, ಕನಕಪುರ

ಉತ್ತರ: ಪೇಂಟ್ ಬೇಡವೇ ಬೇಡ. ನೀವು ತಪ್ಪಾಗಿ ಊಹಿಸಿದ ಅಕ್ಷರವೇ ಕಲ್ಲಿನ ಮೇಲೆ ಕಾಯಂ ಆಗುತ್ತದೆ. ನೀರು, ಮೆತ್ತನೆ ಬ್ರಷ್ಷಿನಿಂದ ತೊಳೆದು, ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಆನಿಸಿ ಓರೆಯಾಗಿ ಬೆಳಕು ಬಿಡಿ, ಹಗಲು ಕಾಣದ ಗೀರು ಎದ್ದು ಕಾಣುತ್ತದೆ. ಫೋಟೊ ತೆಗೆಯಿರಿ. ಆಮೇಲೆ ಬಿ.ಎಲ್. ರೈಸ್ ಶುರು ಮಾಡಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ನಿಮ್ಮೂರಿನ ಹೆಸರು ಹುಡುಕಿ. ತಾಲ್ಲೂಕುವಾರು ಸಂಖ್ಯೆ ಹಾಕಿದ್ದಾರೆ. ಹಳೆಯ ಸಂಪುಟದಲ್ಲಿ ಕನಕಪುರ ಎಂದು ಹುಡುಕಿದರೆ ಸಿಗದು, ಕಾನಕಾನಹಳ್ಳಿ ಎಂದು ನೋಡಿ. ಅಲ್ಲಿಯೂ ಇಲ್ಲದಿದ್ದರೆ ಫೋಟೊ ನಮಗೆ ಕಳಿಸಿ, ಕಲ್ಲಿನ ಪಕ್ಕ ಒಂದು ಸ್ಕೇಲ್ ಇಟ್ಟು.