ನಾಯಿಯ ಚಿಗಟ, ಮನೆಯವರ ಜ್ವರ



ಸಂಘದ ಸಾಲದ ಪುಸ್ತಕ ತೆರೆದರೆ "ಜ್ವರ, ಆಸ್ಪತ್ರೆ ಖರ್ಚು" ಅಂತ ಬರೆದ ಸಾಲುಗಳು ಎಷ್ಟೋ ಸಿಗುತ್ತವೆ. ಜ್ವರ ನಾಯಿ ಮೈಯ ಚಿಗಟದಿಂದಲೂ ಬರಬಹುದು ಎಂದರೆ ನಂಬುತ್ತೀರಾ? "ನಾಯಿ ಅಂದ್ಮೇಲೆ ಚಿಗಟ ಇರಲ್ವಾ ಸಿಸ್ಟರ್" ಅಂತ ನೀವು ನಗಬಹುದು.

ಚಿಗಟ ಬೇರೆ, ಉಣ್ಣೆ ಬೇರೆ. ಉಣ್ಣೆ ಕಚ್ಚಿದಲ್ಲೇ ಅಂಟಿಕೊಂಡು ಊದಿಕೊಳ್ಳುತ್ತದೆ. ಚಿಗಟ ಹಿಡಿಯಲು ಹೋದರೆ ಹಾರುತ್ತದೆ. ನಾಯಿಗೆ ಹತ್ತುವುದು ಹೆಚ್ಚಾಗಿ ಬೆಕ್ಕಿನ ಚಿಗಟವೇ. ಇಲಿಯ ಚಿಗಟವೂ ನಾಯಿ, ಬೆಕ್ಕಿನ ಜೊತೆ ಮನೆಯೊಳಗೆ ಬರುತ್ತದೆ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಹರಡಿದ್ದು ಇಲಿಯ ಚಿಗಟದಿಂದಲೇ. ಜನ ಮನೆ ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡ ಕಥೆ ಹಿರಿಯರು ಹೇಳಿದ್ದನ್ನು ಕೇಳಿರುತ್ತೀರಿ.

ಈಗ ನಾವು ತಿಳಿಯಬೇಕಾದದ್ದು ಟೈಫಸ್ ಜ್ವರ. ರೋಗಾಣು ಇರುವ ಚಿಗಟ ನಮ್ಮನ್ನು ಕಚ್ಚುವಾಗ ಅಲ್ಲೇ ಹಿಕ್ಕೆಯನ್ನೂ ಹಾಕುತ್ತದೆ. ತುರಿಕೆ ತಡೆಯಲಾರದೆ ಪರಪರ ಕೆರೆದುಕೊಂಡಾಗ ಆ ಹಿಕ್ಕೆಯಲ್ಲಿರುವ ಬ್ಯಾಕ್ಟೀರಿಯಾ ಗಾಯದೊಳಗೆ ಸೇರುತ್ತದೆ. ಒಂದೆರಡು ವಾರದಲ್ಲಿ ಜ್ವರ, ವಿಪರೀತ ತಲೆನೋವು, ಮೈಕೈ ನೋವು. ಕೆಲವರಿಗೆ ಮೈಮೇಲೆ ಕೆಂಪು ಗುಳ್ಳೆ ಏಳುತ್ತವೆ, ಎಲ್ಲರಿಗೂ ಅಲ್ಲ.

ಟೈಫಸ್ ಅಂದ್ರೆ ಟೈಫಾಯಿಡ್ ಅಲ್ಲ! ಹೆಸರೂ ಹತ್ತಿರ, ಲಕ್ಷಣವೂ ಹತ್ತಿರ, ಆದರೆ ಟೈಫಾಯಿಡ್ ಬರುವುದು ಕೊಳಕು ನೀರು, ಆಹಾರದಿಂದ. ಟೈಫಾಯಿಡ್‌ಗೆ ಕೊಡುವ ಕೆಲವು ಇಂಜೆಕ್ಷನ್ ಟೈಫಸ್‌ಗೆ ನಾಟುವುದೇ ಇಲ್ಲ. ದುಡ್ಡೂ ಹೋಯಿತು, ಕೂಲಿಯೂ ಹೋಯಿತು, ಜ್ವರ ಮಾತ್ರ ಇಳಿಯಲಿಲ್ಲ ಎನ್ನುವ ಪರಿಸ್ಥಿತಿ. ತಡವಾದರೆ ಶ್ವಾಸಕೋಶ, ಮೂತ್ರಪಿಂಡಕ್ಕೂ ತೊಂದರೆ. ಇದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಮಾತ್ರೆ ಇದೆ, ದುಬಾರಿಯೂ ಅಲ್ಲ. ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಡಾಕ್ಟರ್ ಕೇಳದಿದ್ದರೂ "ಮನೇಲಿ ನಾಯಿ ಇದೆ, ಇಲಿ ಕಾಟ ಇದೆ, ಚಿಗಟ ಕಚ್ಚಿದೆ" ಅಂತ ನೀವೇ ಬಾಯಿಬಿಟ್ಟು ಹೇಳಿ. ಆ ಒಂದು ಮಾತಿನಿಂದ ಅವರಿಗೆ ದಾರಿ ಸಿಗುತ್ತದೆ.

ಚಿಗಟ ಇದೆಯೋ ಇಲ್ಲವೋ ನೋಡಲು ನಾಯಿಯ ಬಾಲದ ಬುಡದಲ್ಲಿ ಹೇನಿನ ಬಾಚಣಿಗೆಯಿಂದ ಬಾಚಿ. ಉದುರಿದ ಕರಿ ಪುಡಿಯನ್ನು ಒದ್ದೆ ಬಿಳಿ ಬಟ್ಟೆ ಮೇಲೆ ಹಾಕಿ. ಕೆಂಪಾಗಿ ಹರಡಿದರೆ ಅದು ಮಣ್ಣಲ್ಲ, ರಕ್ತ ಕುಡಿದ ಚಿಗಟದ ಹಿಕ್ಕೆ. ಬಾಚಣಿಗೆಗೆ ಸಿಕ್ಕ ಚಿಗಟವನ್ನು ಉಗುರಿನಲ್ಲಿ ಹೊಸಕದೆ ಸೋಪಿನ ನೀರಿಗೆ ಹಾಕಿ.

ನಾಯಿಗೆ ಸ್ನಾನ ಮಾಡಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ. ಹೆಣ್ಣು ಚಿಗಟ ದಿನಕ್ಕೆ 40 ಮೊಟ್ಟೆಯವರೆಗೂ ಇಡುತ್ತದೆ. ಅವು ನಾಯಿ ಮಲಗುವ ಗೋಣಿಚೀಲ, ನೆಲದ ಬಿರುಕು, ಮಕ್ಕಳ ಚಾಪೆ ಮೇಲೆಲ್ಲ ಉದುರುತ್ತವೆ. ಗೂಡಿನೊಳಗಿನ ಮರಿ ತಿಂಗಳುಗಟ್ಟಲೆ ಕಾದು, ಜನ ಓಡಾಡಿದ ಸದ್ದಿಗೆ ಹೊರಬರುತ್ತದೆ. ಬೀಗ ಹಾಕಿದ್ದ ಮನೆಗೆ ಕಾಲಿಟ್ಟ ಕೂಡಲೇ ಚಿಗಟ ಮುತ್ತುವುದು ಇದಕ್ಕೇ. ಆದ್ದರಿಂದ ಗೋಣಿಚೀಲವನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ, ಮೂಲೆ ಮೂಲೆ ಗುಡಿಸಿ, ಕಾಳಿನ ಡಬ್ಬ ಮುಚ್ಚಿಡಿ.

ಹೊಲಕ್ಕೆ ಹೊಡೆಯುವ ಔಷಧಿಯನ್ನು ನಾಯಿಗೆ ಹಚ್ಚುವವರಿದ್ದಾರೆ. ದಯವಿಟ್ಟು ಬೇಡ. ನಾಯಿ ಅದನ್ನು ನೆಕ್ಕುತ್ತದೆ, ಮಕ್ಕಳು ನಾಯಿಯನ್ನು ಮುಟ್ಟುತ್ತಾರೆ. ಪಶು ಆಸ್ಪತ್ರೆಯಲ್ಲಿ ನಾಯಿಯ ತೂಕ ಹೇಳಿ ಔಷಧಿ ಕೇಳಿ. ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕೆ ಬೇರೆಯೇ ಕೇಳಿ ತನ್ನಿ. ನಾಯಿಗೆ ಹಚ್ಚುವ ಕೆಲವು ಔಷಧಿ ಬೆಕ್ಕಿನ ಪ್ರಾಣ ತೆಗೆಯುತ್ತದೆ.